ಪಾತ್ರ ಕಟ್ಟಿ ಆಡುವ ಆಟ: ಸೇರುವ ಮುನ್ನ ಒಂದು ಭಾನುವಾರ ಆಡಿ ನೋಡಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಬೇಕೆಂಬ ಆಸೆ ಹುಟ್ಟಿದ್ದರೆ ಮೊದಲು ಯಾವ ಪುಸ್ತಕವನ್ನೂ ಕೊಳ್ಳಬೇಡಿ. ಇಪ್ಪತ್ತು ಮುಖದ ದಾಳವನ್ನೂ ತರಿಸಬೇಡಿ. ಬರುವ ಭಾನುವಾರ ಮಧ್ಯಾಹ್ನ ಬಿಡುವಿದೆಯಾ ಎಂದು ಮೂರು ಜನರನ್ನು ಕೇಳಿ. ಆ ಮೂವರೂ ಹೇಳಿದ ಹೊತ್ತಿಗೆ ಬಂದು, ಮೂರು ಗಂಟೆ ಕಾಲ ಮೊಬೈಲ್ ಬದಿಗಿಟ್ಟು ಕೂತರೆ ಈ ಆಟಕ್ಕೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕೈಸೇರಿದಂತೆ. ಉಳಿದದ್ದೆಲ್ಲ ಆಮೇಲೆ ಹೊಂದಿಸಿಕೊಳ್ಳಬಹುದಾದದ್ದು. ಮೂವರು ಸಿಗದಿದ್ದರೆ ಸಾವಿರಾರು ರೂಪಾಯಿಯ ಪುಸ್ತಕ ಮನೆಯಲ್ಲಿದ್ದರೂ ಆಟ ಶುರುವಾಗುವುದಿಲ್ಲ.

‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ 2016ರಲ್ಲಿ ಬಂದ ಮೇಲೆ ನಮ್ಮ ಕಡೆಯ ಹೈಸ್ಕೂಲು ಮಕ್ಕಳ ಕಿವಿಗೂ ಈ ಆಟದ ಹೆಸರು ಬಿದ್ದಿದೆ. ಅದರಲ್ಲಿ ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು ಕೂಗಾಡುತ್ತ ಆಡುವುದು ಇದನ್ನೇ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟ ಇದೇ ನಿಯಮಗಳ ಮೇಲೆ ಕಟ್ಟಿದ್ದು. ಈ ಆಟ ಆಡುವುದನ್ನೇ ತೋರಿಸುವ, 2015ರಲ್ಲಿ ಶುರುವಾದ ‘ಕ್ರಿಟಿಕಲ್ ರೋಲ್’ನಂಥ ಕಾರ್ಯಕ್ರಮಗಳು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಸಿಗುತ್ತವೆ. ಬೆಂಗಳೂರಿನ ಮಕ್ಕಳಾದರೆ ಬೋರ್ಡ್‌ಗೇಮ್ ಕೆಫೆಗೆ ಹೋಗಿ, ಆಡುವವರ ಪಕ್ಕ ಒಂದು ಸಂಜೆ ಕೂತು, ತಮಗೆ ಹಿಡಿಸುತ್ತದೋ ಇಲ್ಲವೋ ನೋಡಿಕೊಂಡು ಬರಬಹುದು. ನಂಜನಗೂಡು, ತಿ. ನರಸೀಪುರದ ಮಕ್ಕಳು ಗುಂಪನ್ನು ತಾವೇ ಕಟ್ಟಬೇಕು. ಹಾಗಾಗಿ ಇಲ್ಲಿ ಎದುರಾಗುವುದು ಸೇರಬೇಕೋ ಬೇಡವೋ ಎಂಬುದಕ್ಕಿಂತ, ಶುರು ಮಾಡಬೇಕೋ ಬೇಡವೋ ಎಂಬ ಪ್ರಶ್ನೆ. ಇದು ಸ್ವಲ್ಪ ಹೆಚ್ಚು ಧೈರ್ಯ ಕೇಳುವ ಪ್ರಶ್ನೆ, ಆದ್ದರಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಆಟ ಅಂದರೆ ಏನು

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಚಿಕ್ಕದಾಗಿ ಡಿ ಅಂಡ್ ಡಿ) ಪ್ರಕಟಿಸಿದರು. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆ ಇಟ್ಟು ಆಡುವ ಯುದ್ಧದ ಆಟಗಳಿಂದ ಅದು ಬೆಳೆದು ಬಂತು. ಸೈನ್ಯವನ್ನೆಲ್ಲ ಒಬ್ಬನೇ ನಡೆಸುವ ಬದಲು ಒಬ್ಬೊಬ್ಬರೂ ಒಂದೊಂದು ಪಾತ್ರವಾದರೆ ಹೇಗೆ ಎಂಬುದೇ ಅಲ್ಲಿನ ಹೊಸತನ. ಒಬ್ಬರು ಆಟ ನಡೆಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಡಿ ಅಂಡ್ ಡಿ ಆಡುವವರ ಬಾಯಲ್ಲಿ ಅದು ಡಿಎಂ, ಅಂದರೆ ಡಂಜನ್ ಮಾಸ್ಟರ್. ಊರು, ಕಾಡು, ಶತ್ರು, ದಾರಿಹೋಕ, ಮಳೆ, ಕತ್ತಲೆ ಎಲ್ಲವನ್ನೂ ಅವರು ಬಾಯಿಮಾತಿನಲ್ಲಿ ಕಟ್ಟುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂದು ಹೇಳುತ್ತ ಹೋಗುತ್ತಾರೆ. ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳುತ್ತದೆ. ಗೆಲ್ಲುವವರು, ಸೋಲುವವರು ಎಂದು ಇಲ್ಲ. ಕಥೆ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಕನ್ನಡದವರಿಗೆ ಇದು ತೀರಾ ಹೊಸದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪಾತ್ರವಾಗಿ ಅಲ್ಲೇ ಮಾತು ಹುಟ್ಟಿಸುತ್ತಾರೆ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೀಗೆ ಕೂತು ಮಾತಾಡಿಯೇ ಹೆಸರಾದವರು. ಬರೆದುಕೊಟ್ಟ ಸಂಭಾಷಣೆ ಇಲ್ಲದೆ, ಎದುರಿನವರ ಮಾತು ಕೇಳಿ, ಅದಕ್ಕೆ ತಕ್ಕ ಮಾತು ತಾನಾಗಿ ಆಡುವುದು ತಾಳಮದ್ದಳೆಯ ಜೀವ. ಈ ಆಟದ ಜೀವವೂ ಅಲ್ಲೇ ಇದೆ. ವ್ಯತ್ಯಾಸ ಇಷ್ಟು: ತಾಳಮದ್ದಳೆಯಲ್ಲಿ ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು, ಇಲ್ಲಿ ಕೊನೆ ಏನೆಂದು ಆಟ ನಡೆಸುವವರಿಗೂ ಗೊತ್ತಿರುವುದಿಲ್ಲ. ನಮ್ಮ ಮೈಸೂರು ಸೀಮೆಯ ಕುರುಕ್ಷೇತ್ರ ನಾಟಕ ಬೇರೆಯೇ ದಾರಿಯದು. ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ತಾಲೀಮು ಬೇಕು, ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕಬೇಕು, ಕೊನೆಗೆ ಊರೆಲ್ಲ ಕೂತು ನೋಡಬೇಕು. ಪಾತ್ರ ಕಟ್ಟುವ ಆಟಕ್ಕೆ ನೋಡುವವರೇ ಬೇಡ. ಮಾತು ತಡವರಿಸಿದರೂ ಕೇಳುವವರು ಜೊತೆಗೆ ಆಡುವವರು ಮಾತ್ರ.

ಹೊಳೆ ದಡದಲ್ಲಿ ಒಂದು ರಾತ್ರಿ

ವಿವರಣೆ ಎಷ್ಟು ಕೊಟ್ಟರೂ ಈ ಆಟ ಅರ್ಥವಾಗುವುದು ಆಡುವುದನ್ನು ಕೇಳಿದಾಗ. ನರಸೀಪುರ ತಾಲ್ಲೂಕಿನ ಮಕ್ಕಳಿಗೆ ಅಲಮೇಲಮ್ಮನ ಐತಿಹ್ಯ ಹೇಳಿಕೊಡಬೇಕಿಲ್ಲ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಒಡವೆಗಾಗಿ ಸೈನಿಕರು ತಲಕಾಡಿಗೆ ಬಂದರು, ಆಕೆ ಶಪಿಸಿ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು ಎಂದು ಜನ ಹೇಳುತ್ತಾರೆ. ಅದರ ಹಿಂದಿನ ರಾತ್ರಿ ಎಂದಿಟ್ಟುಕೊಳ್ಳಿ. ಆಡುವವರು ಮೂವರು: ಅಲಮೇಲಮ್ಮನ ಮನೆಯ ಊಳಿಗದ ಹುಡುಗಿ, ಒಬ್ಬ ಅಂಬಿಗ, ದೇವಸ್ಥಾನದಲ್ಲಿ ಮದ್ದಳೆ ನುಡಿಸುವವನು. ಒಡವೆಯ ಒಂದು ಗಂಟನ್ನು ಬೆಳಗಾಗುವುದರೊಳಗೆ ಆಚೆ ದಡ ಮುಟ್ಟಿಸಬೇಕು.

“ನಡುರಾತ್ರಿ. ಹೊಳೆ ದಡಕ್ಕೆ ಬಂದಿದ್ದೀರ. ಹಿಂದೆ ಪಂಜಿನ ಬೆಳಕು ಕಾಣ್ತಿದೆ, ನಾಲ್ಕೈದು ಜನ ಇರ್ಬೇಕು. ದಡದಲ್ಲಿ ಒಂದೇ ಹರಿಗೋಲು, ಅದೂ ಬೋರಲು ಹಾಕಿದೆ. ಏನ್ಮಾಡ್ತೀರ?” ಅನ್ನುತ್ತಾಳೆ ಆಟ ನಡೆಸುವವಳು.

“ಮಗುಚಿ ನೀರಿಗೆ ಬಿಡ್ತೀನಿ,” ಅಂಬಿಗನ ಪಾತ್ರದ ಹುಡುಗ.

“ಸದ್ದಾಗುತ್ತಲ್ಲ?”

“ಸದ್ದಾಗದ ಹಾಗೆ, ಮೆತ್ತಗೆ.”

“ಹಾಗಾದ್ರೆ ಕವಡೆ ಹಾಕು. ನೀನು ಅಂಬಿಗ, ನಿನಗೆ ಇದು ಗೊತ್ತಿರೋ ಕೆಲ್ಸ, ಐದು ಹಾಕು. ಮೂರು ಅಂಗಾತ ಬೀಳ್ಬೇಕು.”

ಎರಡೇ ಬೀಳುತ್ತವೆ.

“ಹರಿಗೋಲು ನೀರಿಗೇನೋ ಇಳೀತು. ಆದ್ರೆ ದಬ್ ಅಂತ ಇಳೀತು. ಪಂಜು ಈ ಕಡೆ ತಿರುಗ್ತು.”

ಇಷ್ಟು ಹೊತ್ತು ಸುಮ್ಮನಿದ್ದ ಊಳಿಗದ ಹುಡುಗಿ ಈಗ ಬಾಯಿ ಬಿಡುತ್ತಾಳೆ: “ಗಂಟು ಮದ್ದಳೆಯವನ ಕೈಗೆ ಕೊಡ್ತೀನಿ. ಸೆರಗಲ್ಲಿ ಕಲ್ಲು ಕಟ್ಕೊಂಡು ನಾನು ಆ ಕಡೆ ಓಡ್ತೀನಿ. ಅವರು ನನ್ನ ಹಿಂದೆ ಬರ್ಲಿ. ನೀವು ಹೋಗಿ.”

ಆಟ ನಡೆಸುವವಳು ಇದನ್ನು ಎಣಿಸಿರಲಿಲ್ಲ. ಹೊಳೆ ದಾಟುವ ಕಥೆಯೊಂದನ್ನೇ ಯೋಚಿಸಿಕೊಂಡು ಬಂದಿದ್ದವಳು ಈಗ ಎರಡು ಕಡೆ ನೋಡಬೇಕು. ಅಂಬಿಗನಿಗೆ ತನ್ನಿಂದಲೇ ಹೀಗಾಯಿತು ಎಂಬ ಸಂಕಟ, ಅವಳನ್ನು ಬಿಟ್ಟು ಹೋಗುವುದೋ ಬೇಡವೋ ಎಂದು ಮದ್ದಳೆಯವನ ಜೊತೆ ಜಗಳ. ಕವಡೆ ಕೈಕೊಟ್ಟಿದ್ದರಿಂದ ಕಥೆ ನಿಲ್ಲಲಿಲ್ಲ, ಯಾರೂ ಬರೆದಿರದ ತಿರುವು ತೆಗೆದುಕೊಂಡಿತು. ಈ ನಾಲ್ಕು ಸಾಲಿನ ಮಾತುಕತೆ ಓದುವಾಗ ‘ನಾನಾಗಿದ್ದರೆ ಬೇರೆ ಏನೋ ಮಾಡುತ್ತಿದ್ದೆ’ ಎಂದು ನಿಮಗೆ ಅನ್ನಿಸಿದ್ದರೆ ನೀವು ಆಡಿ ನೋಡಲೇಬೇಕು. ‘ಇದರಲ್ಲಿ ಯಾರಿಗೆ ಎಷ್ಟು ಪಾಯಿಂಟು?’ ಎಂಬ ಪ್ರಶ್ನೆ ಮೊದಲು ಬಂದಿದ್ದರೆ ನಿಮ್ಮ ಮನಸ್ಸು ಚೆಸ್, ಕೇರಂ, ಚೌಕಾಬಾರದ ಕಡೆಯದು. ಎರಡೂ ಒಳ್ಳೆಯ ಮನಸ್ಸುಗಳೇ.

ದಾಳ ಬೇಕೇ, ಕವಡೆ ಸಾಕೇ

ಡಿ ಅಂಡ್ ಡಿ ಆಡಲು 4, 6, 8, 10, 12, 20 ಮುಖಗಳ ದಾಳ ಬಳಸುತ್ತಾರೆ. ಮುಖ್ಯವಾದದ್ದು ಇಪ್ಪತ್ತು ಮುಖದ್ದು. ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಬೇಕು, ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟದ್ದಕ್ಕೆ 20 ದಾಟಬೇಕು ಅಥವಾ ಮುಟ್ಟಬೇಕು. ಇಪ್ಪತ್ತರಲ್ಲಿ ಯಾವ ಸಂಖ್ಯೆಯಾದರೂ ಬೀಳುವ ಸಾಧ್ಯತೆ ಸಮ, ನೂರಕ್ಕೆ ಐದು. ಅದಕ್ಕೇ ಆ ಆಟದಲ್ಲಿ ಅನಿರೀಕ್ಷಿತ ಹೆಚ್ಚು.

ಮೊದಲ ಆಟಕ್ಕೆ ಅಜ್ಜಿಯ ಡಬ್ಬಿಯ ಕವಡೆ ಧಾರಾಳ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಬೆಳ್ಳಗಾಗುವಂತೆ ಉಜ್ಜಿಕೊಳ್ಳಿ, ಚೌಕಾಬಾರಕ್ಕೆ ಮಾಡುವ ಹಾಗೆ. ನಿಯಮ ಇಷ್ಟೇ ಇರಲಿ: ಮಾಮೂಲಿ ಕೆಲಸಕ್ಕೆ ನಾಲ್ಕು ಕವಡೆ ಹಾಕಿ, ತನ್ನ ಪಾತ್ರಕ್ಕೆ ಚೆನ್ನಾಗಿ ಬರುವ ಕೆಲಸವಾದರೆ ಐದು. ಸುಲಭಕ್ಕೆ ಒಂದು, ಸಾಧಾರಣಕ್ಕೆ ಎರಡು, ಕಷ್ಟಕ್ಕೆ ಮೂರು ಅಂಗಾತ ಬಿದ್ದರೆ ಕೆಲಸ ಆಯಿತು. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆ ಎಂದುಕೊಂಡರೆ ನಾಲ್ಕು ಕವಡೆಯಲ್ಲಿ ಎರಡೋ ಹೆಚ್ಚೋ ಬೀಳುವುದು 16ರಲ್ಲಿ 11 ಸಲ, ಮೂರೋ ಹೆಚ್ಚೋ ಬೀಳುವುದು 16ರಲ್ಲಿ 5 ಸಲ. ಐದನೆಯ ಕವಡೆ ಸೇರಿದ ಕೂಡಲೇ ಆ ಕಷ್ಟದ ಕೆಲಸ ಅರ್ಧಕ್ಕರ್ಧ ಸಾಧ್ಯವಾಗುತ್ತದೆ. ನಿಜವಾದ ಕವಡೆ ಹಾಗೆ ಸಮನಾಗಿ ಬೀಳುವುದಿಲ್ಲ. ನಿಮ್ಮ ಕವಡೆಯನ್ನು ನೂರು ಸಲ ಹಾಕಿ ಬರೆದಿಟ್ಟುಕೊಳ್ಳಿ, ಹತ್ತನೇ ತರಗತಿಯ ಸಂಭವನೀಯತೆ ಪಾಠ ಅಲ್ಲೇ ಅರ್ಥವಾಗುತ್ತದೆ.

ಆಟವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಮೈಸೂರಿಗೆ ಹಳೆಯ ಅಭ್ಯಾಸ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳಿಗೇ ಮೀಸಲು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಪಗಡೆ, ಚೌಕಾಬಾರ, ಅಳಗುಳಿಮಣೆಗಳ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಸುತ್ತ ಬಂದಿದೆ. ಮೈಸೂರಿಗೆ ಹೋದಾಗ ಅದನ್ನೂ ವಿಚಾರಿಸಿ ಬನ್ನಿ.

ದುಡ್ಡು ಮತ್ತು ಭಾಷೆ

ಡಿ ಅಂಡ್ ಡಿ ಆಡಲು ಮೂರು ದಪ್ಪ ಪುಸ್ತಕ ಬೇಕೇಬೇಕು ಎಂದು ಅಂತರ್ಜಾಲ ನೋಡಿದರೆ ಅನ್ನಿಸುತ್ತದೆ. ಬೇಡ. ಆ ಆಟದ ಒಡೆತನವಿರುವ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2023ರ ಜನವರಿಯಲ್ಲಿ ಮೂಲ ನಿಯಮಗಳ ಸುಮಾರು 400 ಪುಟವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಯಾರಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮೂಲವನ್ನು ಹೆಸರಿಸಿದರೆ ಕನ್ನಡಕ್ಕೆ ತಂದು, ಜೆರಾಕ್ಸ್ ಮಾಡಿಸಿ ಹಂಚಲೂ ಯಾರ ಅಪ್ಪಣೆಯೂ ಬೇಕಿಲ್ಲ. ಟೆಲಿಗ್ರಾಂನಲ್ಲಿ ಕದ್ದ ಪಿಡಿಎಫ್ ಹುಡುಕುವ ಅಗತ್ಯ ಇದರಿಂದ ತಪ್ಪುತ್ತದೆ. ಮುಂದೆಂದಾದರೂ ಪುಸ್ತಕ ಕೊಳ್ಳುವ ಮನಸ್ಸಾದರೆ ಒಂದು ಎಚ್ಚರ: 2014ರ ಐದನೇ ಆವೃತ್ತಿ ಮತ್ತು 2024ರ ಪರಿಷ್ಕೃತ ಆವೃತ್ತಿ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ಗುಂಪಿನವರೆಲ್ಲ ಒಂದನ್ನೇ ಹಿಡಿಯಬೇಕು.

ಇಷ್ಟು ದೊಡ್ಡದು ಬೇಡ ಎನ್ನುವವರಿಗೆ ಜಾನ್ ಹಾರ್ಪರ್ ಬರೆದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ (2013) ಇದೆ. ನಿಯಮವೆಲ್ಲ ಒಂದೇ ಹಾಳೆ, ಮಾಮೂಲಿ ಆರು ಮುಖದ ದಾಳ ಸಾಕು, ಉಚಿತ. ಜೊತೆಗೆ ಯಾರೂ ಸಿಗದವರಿಗೆ ಶಾನ್ ಟಾಮ್ಕಿನ್ ಅವರ ‘ಐರನ್‌ಸ್ವೋರ್ನ್’ (2018) ಇದೆ. ಒಬ್ಬರೇ ಕೂತು, ಬರೆದುಕೊಳ್ಳುತ್ತ ಆಡಬಹುದು, ಅದರ ಪಿಡಿಎಫ್ ಕೂಡ ಉಚಿತ.

ಇವೆಲ್ಲ ಇಂಗ್ಲಿಷಿನಲ್ಲಿವೆ ಎಂಬುದೇ ನಮ್ಮ ಕಡೆಯ ಅನೇಕ ಮಕ್ಕಳನ್ನು ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ನನ್ನ ಮಾತು ಖಂಡಿತ: ನಿಯಮ ಯಾವ ಭಾಷೆಯಲ್ಲಾದರೂ ಇರಲಿ, ಆಟ ಕನ್ನಡದಲ್ಲಿ ನಡೆಯಲಿ. ನಿಯಮವನ್ನು ಒಬ್ಬರು ಓದಿಕೊಂಡರೆ ಸಾಕು. ಪಾತ್ರದ ಮಾತನ್ನು ಇಂಗ್ಲಿಷಿನಲ್ಲಿ ಆಡಲು ಹೊರಟರೆ ಮಕ್ಕಳು ಕಥೆಯನ್ನು ಬಿಟ್ಟು ವ್ಯಾಕರಣವನ್ನು ಯೋಚಿಸುತ್ತಾರೆ, ಕಾನ್ವೆಂಟಿನಲ್ಲಿ ಓದಿದವನ ಪಾತ್ರವೇ ಪ್ರತಿ ಸಲ ನಾಯಕನಾಗುತ್ತದೆ. ಮನೆಯಲ್ಲಿ ಆಡುವ ಮಾತನ್ನೇ ಆಡಿದರೆ ಸರ್ಕಾರಿ ಶಾಲೆಯ ಹುಡುಗನೂ ಅವನೂ ಸಮ. ಕಥೆಯ ಜಾಗವೂ ಹೊರಗಿನದೇ ಆಗಬೇಕಿಲ್ಲ. 2022ರಲ್ಲಿ ಬಂದ ಅಧಿಕೃತ ಡಿ ಅಂಡ್ ಡಿ ಪುಸ್ತಕವೊಂದರಲ್ಲಿ ಲೇಖಕಿ ಮಿಮಿ ಮಂಡಲ್ ಬಂಗಾಳದ ನದಿ, ಕಾಡುಗಳ ನೆನಪಿನಿಂದ ಕಟ್ಟಿದ ಸಾಹಸವಿದೆ. ಕಪಿಲೆ, ಕಾವೇರಿ ಎರಡೂ ಹರಿಯುವ ಊರಿನವರಿಗೆ ಕಥೆಗೇನು ಕೊರತೆ? ಟಿಪ್ಪುವಿನ ಆನೆಗೆ ಕಣ್ಣು ಬಂದ ಐತಿಹ್ಯ ಇದೆ. ಕಪಿಲೆ ಉಕ್ಕಿದಾಗ ಮುಳುಗುವ ಹದಿನಾರು ಕಾಲು ಮಂಟಪ ಇದೆ. ಹಾಗೆ ಹೊಳೆ ಉಕ್ಕಿದ ರಾತ್ರಿ ಮಂಟಪದ ಮೇಲೆ ಯಾರೋ ಸಿಕ್ಕಿಬಿದ್ದಿದ್ದಾರೆ ಎಂಬ ಒಂದು ಸಾಲು ಸಾಕು, ಮೂರು ಗಂಟೆಯ ಆಟವಾಗುತ್ತದೆ.

ಹೊತ್ತು ಎಲ್ಲಿಂದ ತರುವುದು

ನಿಜವಾದ ಖರ್ಚು ಇರುವುದು ಹೊತ್ತಿನಲ್ಲಿ. ಒಂದು ಕೂಟಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು. ಆಟ ನಡೆಸುವವರಿಗೆ ತಯಾರಿಗೆ ಇನ್ನೊಂದೆರಡು ಗಂಟೆ. ಒಂದೇ ಕೂಟದಲ್ಲಿ ಮುಗಿಯುವ ಕಥೆಯೂ ಉಂಟು, ವರ್ಷಗಟ್ಟಲೆ ಎಳೆಯುವ ಕ್ಯಾಂಪೇನೂ ಉಂಟು. ಎಂಟು, ಒಂಬತ್ತನೇ ತರಗತಿ ಮತ್ತು ಮೊದಲ ಪಿಯುಸಿಯವರು ಹದಿನೈದು ದಿನಕ್ಕೊಮ್ಮೆ ಕೂರಬಹುದು. ಎಸ್ಸೆಸ್ಸೆಲ್ಸಿಯವರು ಒಂದೇ ಕೂಟದ ಕಥೆಗಳನ್ನು ದಸರಾ ರಜೆಯೊಳಗೆ ಆಡಿ ಮುಗಿಸಲಿ, ಆಮೇಲೆ ಪರೀಕ್ಷೆಯವರೆಗೆ ನಿಲ್ಲಿಸಲಿ. ಎರಡನೇ ಪಿಯುಸಿಯಲ್ಲಿ ಸಿಇಟಿ, ನೀಟ್ ಬರೆಯುವವರು ಹೊಸದಾಗಿ ಶುರು ಮಾಡಬೇಡಿ. ಆಟ ಕೆಟ್ಟದ್ದೆಂದಲ್ಲ, ನೀವು ಮೂರು ಸಲ ತಪ್ಪಿಸಿಕೊಂಡರೆ ಉಳಿದ ಮೂವರ ಆಟವೂ ಕೆಡುತ್ತದೆ. ಶುರು ಮಾಡಲು ಹೇಳಿ ಮಾಡಿಸಿದ ಕಾಲ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ನಂಜನಗೂಡಿನವರು ದೊಡ್ಡಜಾತ್ರೆ ಮುಗಿಯಲಿ ಎಂದು ಕಾಯುವುದು ಒಳ್ಳೆಯದು, ಆ ವಾರ ಯಾರ ಮನೆಯಲ್ಲೂ ಕೂರಲು ಜಾಗ ಇರುವುದಿಲ್ಲ.

ಜಾಗದ ಮಾತು. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವ ಅಪ್ಪ ಹಗಲು ಮಲಗಿದ್ದರೆ ಆ ಮನೆಯಲ್ಲಿ ಈ ಆಟ ಆಗದು, ಸದ್ದು ಬಹಳ. ಯಾರ ಮನೆಯ ಜಗಲಿ ಅಥವಾ ಮಹಡಿ ಬಿಡುವಿದೆ ನೋಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದ ಮೇಲ್ವಿಚಾರಕರನ್ನು ಕೇಳಿ. ಮಕ್ಕಳು ಕೂತು ಕಥೆ ಕಟ್ಟುವ ಆಟ ಎಂದು ತೋರಿಸಿದರೆ ಒಪ್ಪುವವರಿದ್ದಾರೆ. ಹೆಣ್ಣುಮಕ್ಕಳು ಇರುವ ಗುಂಪು ಮಧ್ಯಾಹ್ನ ಎರಡಕ್ಕೆ ಶುರುಮಾಡಿ ಐದಕ್ಕೆ ಎದ್ದುಬಿಡಬೇಕು. ‘ಕಥೆ ಮುಗಿದಿಲ್ಲ’ ಎಂದು ಕತ್ತಲಾಗುವವರೆಗೆ ಎಳೆದರೆ ಮುಂದಿನ ಸಲ ಅವರನ್ನು ಮನೆಯಲ್ಲಿ ಕಳಿಸುವುದಿಲ್ಲ, ಆಗ ತಪ್ಪು ಮನೆಯವರದಲ್ಲ. ಮೈಸೂರಿನಲ್ಲಿ ಗುಂಪು ಸಿಕ್ಕಿತೆಂದು ವಾರವಾರ ಓಡಾಡುವುದು ಬೇಡ. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್, ರೈಲಾದರೂ ಉಂಟು. ನರಸೀಪುರದವರಿಗೆ ಬಸ್ಸೇ ಗತಿ, 30ರ ಆಸುಪಾಸು ಕಿಲೋಮೀಟರ್.

ಅಪ್ಪ ಅಮ್ಮಂದಿರಿಗೆ

ಕವಡೆ, ದಾಳ ಕಂಡ ಕೂಡಲೇ ಮನೆಯ ಹಿರಿಯರ ಮೊದಲ ಪ್ರಶ್ನೆ: ಜೂಜಾ? ಪಗಡೆ ಹಾಸಿದ ಮನೆಯಲ್ಲಿ ಜಗಳ ತಪ್ಪದು ಎಂಬ ಮಾತು ಕೆಲವು ಮನೆಗಳಲ್ಲಿ ಇವತ್ತಿಗೂ ಇದೆ. ಹಣ ಅಥವಾ ಹಣದ ಬೆಲೆಯ ವಸ್ತುವನ್ನು ಪಣಕ್ಕಿಟ್ಟರೆ ಜೂಜು. ಇಲ್ಲಿ ಪಣವೇ ಇಲ್ಲ, ಗೆಲ್ಲುವವನೇ ಇಲ್ಲ. ಮಕ್ಕಳೇ, ಐದು ರೂಪಾಯಿಯ ಚಾಕೊಲೇಟನ್ನೂ ಪಣಕ್ಕಿಡಬೇಡಿ, ಈ ಮಾತು ಸುಳ್ಳಾಗದಿರಲಿ.

ಎರಡನೆಯ ಹೆದರಿಕೆ, ಮಕ್ಕಳು ಕಥೆಯನ್ನೇ ನಿಜ ಎಂದುಕೊಂಡು ಕೆಟ್ಟುಹೋಗುತ್ತಾರೆ ಎಂಬುದು. ಈ ಹೆದರಿಕೆಗೆ ಇತಿಹಾಸವಿದೆ. 1979ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಈ ಆಟವೇ ಕಾರಣ ಎಂದು ಪತ್ರಿಕೆಗಳು ಬರೆದವು. ಆತನ ಕಷ್ಟಗಳು ಬೇರೆಯೇ ಇದ್ದವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಭಯ ಹಬ್ಬಿತ್ತು. 1982ರಲ್ಲಿ ಇದೇ ಎಳೆ ಹಿಡಿದು ಟಾಮ್ ಹ್ಯಾಂಕ್ಸ್ ನಟಿಸಿದ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಎಂಬ ಟಿವಿ ಚಿತ್ರ ಬಂತು, 1983ರಲ್ಲಿ ಆಟದ ವಿರುದ್ಧ ಸಂಘಟನೆಯೇ ಹುಟ್ಟಿತು. ಆಟ ಮಕ್ಕಳನ್ನು ಕೆಡಿಸುತ್ತದೆ ಎಂಬುದಕ್ಕೆ ಆಧಾರ ಮಾತ್ರ ಸಿಗಲಿಲ್ಲ. ಹಾಗೆಂದು ಈ ಆಟ ಮದ್ದೂ ಅಲ್ಲ. ಊಟ, ನಿದ್ದೆ ಬಿಟ್ಟು ಕೂತ ಮಗುವಿಗೆ ಮಾತಾಡಿಸುವವರು ಬೇಕು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕರೆ ಉಚಿತ.

ನಿಮಗೆ ನಂಬಿಕೆ ಬರಲು ಒಂದೇ ದಾರಿ, ಒಂದರ್ಧ ಗಂಟೆ ಪಕ್ಕದಲ್ಲಿ ಕೂತು ಕೇಳುವುದು. ಅಜ್ಜಿಗೆ ಒಂದು ಪಾತ್ರ ಕೊಡಿ. ಊರಿನ ಐತಿಹ್ಯಗಳು ಅವರಿಗೆ ಗೊತ್ತಿರುವಷ್ಟು ಮಕ್ಕಳಿಗೆ ಗೊತ್ತಿರುವುದಿಲ್ಲ.

ಕೂರುವ ಮುನ್ನ ಮಾತಾಡಿಕೊಳ್ಳಬೇಕಾದದ್ದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಭಾಗ. ಕಥೆಯಲ್ಲಿ ಯಾವುದು ಬರಬಾರದು ಎಂದು ಮೊದಲೇ ಹೇಳಿಕೊಳ್ಳಿ. ಒಬ್ಬಳಿಗೆ ಹಾವಿನ ಭಯ ಇರಬಹುದು, ಒಬ್ಬನ ಮನೆಯಲ್ಲಿ ಈಚೆಗೆ ಸಾವಾಗಿರಬಹುದು. ಅಮೆರಿಕದ ಜಾನ್ ಸ್ಟಾವ್ರೊಪೊಲಸ್ ಎಂಬವರು ಇದಕ್ಕೊಂದು ಸರಳ ಉಪಾಯ ಮಾಡಿದ್ದಾರೆ: ಒಂದು ಚೀಟಿಯ ಮೇಲೆ ಗುಣಿಸು ಚಿಹ್ನೆ ಬರೆದು ನಡುವೆ ಇಡುವುದು. ಯಾರಾದರೂ ಅದನ್ನು ಮುಟ್ಟಿದರೆ ಆ ಸಂಗತಿಯನ್ನು ಅಲ್ಲೇ ಬಿಟ್ಟು ಕಥೆ ಮುಂದೆ ಹೋಗಬೇಕು, ಯಾಕೆ ಎಂದು ಕೇಳುವಂತಿಲ್ಲ.

ನಮ್ಮ ಕಡೆ ಇನ್ನೂ ಎರಡು ಎಚ್ಚರ ಬೇಕು. ಪಾತ್ರದ ಜಾತಿ ಹಿಡಿದು, ಆಡುವವರ ಜಾತಿ ಹಿಡಿದು ಒಂದು ಮಾತೂ ಬರಬಾರದು. ಹಳೆಯ ಕಾಲದ ಕಥೆ ಎಂಬ ನೆಪದಲ್ಲಿ ‘ನೀನು ಒಳಗೆ ಬರಬೇಡ’ ಎಂದು ಗೆಳೆಯನ ಪಾತ್ರಕ್ಕೆ ಹೇಳಿದರೆ ಅದು ಗೆಳೆಯನಿಗೇ ತಾಗುತ್ತದೆ. ಅಂಥ ಮಾತು ಬಂದರೆ ಆಟ ನಿಲ್ಲಿಸಿ, ಕಥೆಯ ನಷ್ಟ ದೊಡ್ಡದಲ್ಲ. ಇನ್ನೊಂದು ದೇವರ ವಿಷಯ. ನಂಜುಂಡೇಶ್ವರನನ್ನೋ ಗುಂಜಾ ನರಸಿಂಹಸ್ವಾಮಿಯನ್ನೋ ಅಂಕ ಕೊಟ್ಟು ಪಾತ್ರ ಮಾಡಬೇಡಿ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆ, ಕಂಸಾಳೆಯವರು ಹಾಡುವ ಮಾದಪ್ಪನ ಕಥೆ ಅನೇಕರಿಗೆ ನಂಬಿಕೆಯ ಬದುಕು. ಅವನ್ನು ಹೋಗಿ ಕೇಳಿ, ಕಥೆ ಹೇಳುವ ಬಗೆ ಕಲಿಯಿರಿ. ಆಟಕ್ಕೆ ಮನುಷ್ಯರ ಕಥೆಗಳು ಸಾಕಷ್ಟಿವೆ.

ಆನ್‌ಲೈನಿನಲ್ಲಿ ಅಪರಿಚಿತರ ಜೊತೆ ಆಡುವ ವಿಷಯ ಚಿಕ್ಕದಾಗಿ ಹೇಳುತ್ತೇನೆ: ಹದಿನೆಂಟು ತುಂಬುವವರೆಗೆ ಬೇಡ. ವಿದೇಶದ ಗುಂಪಿನವರಿಗೆ ಸಂಜೆಯಾದಾಗ ನಮಗೆ ನಡುರಾತ್ರಿ ಅಥವಾ ಬೆಳಗಿನ ಜಾವ, ಎದುರಿಗಿರುವವರ ವಯಸ್ಸು ಗೊತ್ತಾಗುವುದಿಲ್ಲ. ಊರು ಬಿಟ್ಟುಹೋದ ಗೆಳೆಯ, ಸೋದರಮಾವನ ಮಗಳು ಇಂಥವರ ಜೊತೆ ವಿಡಿಯೊ ಕರೆಯಲ್ಲಿ ಆಡಿ, ಚೆನ್ನಾಗಿರುತ್ತದೆ. ಯಾರಾದರೂ ಫೋಟೊ, ವಿಳಾಸ, ದುಡ್ಡು ಕೇಳಿದರೆ ಅಲ್ಲಿಗೆ ಬಿಟ್ಟು ಮನೆಯವರಿಗೆ ಹೇಳಿ. ಹೇಳಲು ಭಯವಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಯಾರಿಗೆ ಹಿಡಿಸುತ್ತದೆ

ಮಾತುಗಾರರಿಗೆ ಮಾತ್ರ ಈ ಆಟ ಎಂಬುದು ತಪ್ಪು ತಿಳಿವಳಿಕೆ. ತರಗತಿಯಲ್ಲಿ ಕೈ ಎತ್ತಲು ಹಿಂಜರಿಯುವ ಮಕ್ಕಳು ಪಾತ್ರದ ಮರೆಯಲ್ಲಿ ಧೈರ್ಯವಾಗಿ ಮಾತಾಡಬಲ್ಲರು. ತಪ್ಪಿದರೆ ಪಾತ್ರ ತಪ್ಪಿತು, ತಾನಲ್ಲ. ‘ನಾನು ಹೀಗೆ ಮಾಡುತ್ತೇನೆ’ ಎಂದು ಒಂದೇ ಸಾಲು ಹೇಳಿದರೂ ಆಟ ನಡೆಯುತ್ತದೆ, ನಟನೆ ಕಡ್ಡಾಯವಲ್ಲ. ಈ ಆಟದಲ್ಲಿ ನಿಜವಾಗಿ ಕಷ್ಟಪಡುವವರು ಬೇರೆಯವರ ಸರದಿಯಲ್ಲಿ ಕೇಳಿಸಿಕೊಳ್ಳಲಾಗದವರು. ನಾಲ್ಕು ಜನರ ಗುಂಪಿನಲ್ಲಿ ನಿಮ್ಮ ಮಾತಿನ ಹೊತ್ತು ಕಾಲು ಭಾಗ, ಉಳಿದ ಮುಕ್ಕಾಲು ಭಾಗ ಕೇಳುವುದು. ಆ ಹೊತ್ತಿನಲ್ಲಿ ಕೈ ಮೊಬೈಲಿಗೆ ಹೋಗುತ್ತದೆಯೇ ಗಮನಿಸಿ.

ಒಂದೇ ಆಟಕ್ಕೆ ತೀರ್ಮಾನ ಬೇಡ. ಮೊದಲ ಸಲ ಎಲ್ಲರೂ ನಾಚುತ್ತಾರೆ, ನಗುತ್ತಾರೆ, ಅರ್ಧ ಹೊತ್ತು ನಿಯಮಕ್ಕೇ ಹೋಗುತ್ತದೆ. ಎರಡನೆಯ ಆಟವಾದ ಮೇಲೆ ನೋಡಿಕೊಳ್ಳಿ. ಗೆಳತಿಯ ಪಾತ್ರ ಏನು ಮಾಡಿತೆಂದು ನಿಮಗೆ ನೆನಪಿದೆಯೇ, ನಿಮ್ಮದಷ್ಟೇ ನೆನಪಿದೆಯೇ? ಮುಂದಿನದು ಯಾವಾಗ ಎಂದು ನೀವೇ ಕೇಳಬೇಕಾಯಿತೇ, ಅವರಾಗಿ ಕೇಳಿದರೇ? ಎರಡಕ್ಕೂ ಉತ್ತರ ಸಪ್ಪೆಯಾಗಿದ್ದರೆ ಬಿಟ್ಟುಬಿಡಿ. ಕಥೆ ಕಟ್ಟುವುದು ಇಷ್ಟ, ಗುಂಪು ಇಷ್ಟವಿಲ್ಲ ಎಂದಾದರೆ ಬರೆಯಿರಿ. ಪಾತ್ರ ಇಷ್ಟ, ನಿಯಮ ಬೇಸರ ಎಂದಾದರೆ ಬೇಸಿಗೆಯಲ್ಲಿ ಮೈಸೂರಿನ ರಂಗಾಯಣ ನಡೆಸುವ ಚಿಣ್ಣರ ಮೇಳ ವಿಚಾರಿಸಿ, ಇಲ್ಲವೇ ಊರಿನ ನಾಟಕದ ತಾಲೀಮಿಗೆ ಹೋಗಿ ಕೂರಿ.

ಇನ್ನು, ಈ ಲೇಖನವನ್ನು ಇಲ್ಲಿಯವರೆಗೆ ಓದಿದವರು ಯಾರೋ, ಗುಂಪಿನಲ್ಲಿ ಆಟ ನಡೆಸುವ ಹೊಣೆ ಬಹುತೇಕ ಅವರ ಮೇಲೇ ಬೀಳುತ್ತದೆ. ಅದಕ್ಕೆ ನೋಟ್‌ಬುಕ್ಕಿನ ಒಂದು ಪುಟ ಸಾಕು. ಮೇಲೆ ಊರಿನ ಹೆಸರು ಬರೆಯಿರಿ. ಅಲ್ಲಿ ಏನು ಕೆಟ್ಟಿದೆ ಎಂದು ಎರಡು ಸಾಲು. ಆಡುವವರಿಗೆ ಎದುರಾಗುವ ಮೂರು ಜನರ ಹೆಸರು, ಒಬ್ಬೊಬ್ಬರಿಗೆ ಬೇಕಾದದ್ದು ಏನೆಂದು ಒಂದೊಂದು ಸಾಲು. ಕೊನೆಯಲ್ಲಿ, ಯಾರೂ ಏನೂ ಮಾಡದಿದ್ದರೆ ಬೆಳಗಾಗುವುದರೊಳಗೆ ಆ ಊರಿಗೆ ಏನಾಗುತ್ತದೆ ಎಂದು ಬರೆಯಿರಿ. ಆಡುವವರು ಏನು ಮಾಡುತ್ತಾರೆಂದು ಮಾತ್ರ ಬರೆಯಬೇಡಿ, ಅದು ಅವರಿಗೆ ಬಿಟ್ಟದ್ದು. ಕವಡೆ ಎಣಿಸಿಕೊಳ್ಳಿ, ಐದು ಇರಲಿ.